ಚುಕ್ಕೆಯ ಆಚೆಗಿನ ಮೂವತ್ತು ಗುಂಟೆ: ನಮ್ಮದೇ ಲೈಬ್ರರಿಗೆ ಅದರ ವಿವರಣೆಯನ್ನು ಜೋಡಿಸುವ ಬಗ್ಗೆ

(ಕೆಲಸಕ್ಕೆ ಸೇರಿ ಒಂದೆರಡು ವರ್ಷವಾಗಿರುವ ಜಾವಾ ಪ್ರೋಗ್ರಾಮರ್‌ಗಳ ಮುಂದೆ ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ. 1.30ಕ್ಕೆ 1.20 ಕೂಡಿಸಿದರೆ ಎಷ್ಟು?

ಮುಂದಿನ ಸಾಲಿನವರು 2.50 ಅಂದಿರಿ. ಹಿಂದೆ ಕೂತ ಇಬ್ಬರು 3.10 ಅಂದರು. ಆ ಇಬ್ಬರ ಮನೆಯಲ್ಲಿ ಜಮೀನಿದೆ ಅಂತ ಈಗಲೇ ಹೇಳಬಲ್ಲೆ. ನಮ್ಮ ಪಹಣಿಯಲ್ಲಿ 1.30 ಅಂದರೆ ಒಂದು ಎಕರೆ ಮೂವತ್ತು ಗುಂಟೆ. ಚುಕ್ಕೆಯ ಎಡಗಡೆ ಎಕರೆ, ಬಲಗಡೆ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ ಹದಿನಾರು ಆಣೆ. ಮೂವತ್ತು ಗುಂಟೆಗೆ ಇಪ್ಪತ್ತು ಸೇರಿದರೆ ಐವತ್ತು. ಅದರಲ್ಲಿ ನಲವತ್ತು ಹೋಗಿ ಒಂದು ಎಕರೆಯಾಗುತ್ತದೆ, ಹತ್ತು ಗುಂಟೆ ಉಳಿಯುತ್ತದೆ. ಒಟ್ಟು ಮೂರು ಎಕರೆ ಹತ್ತು ಗುಂಟೆ. ನೋಡಲು ದಶಾಂಶದ ಚುಕ್ಕೆಯಂತಿದ್ದರೂ ಅದು ದಶಾಂಶದ ಚುಕ್ಕೆಯಲ್ಲ.

ಇದನ್ನು ಗೊತ್ತಿರುವವರು ಯಾರಿಗೂ ಹೇಳುವುದಿಲ್ಲ, ಯಾಕೆಂದರೆ ಅವರಿಗೆ ಅದು ಹೇಳಬೇಕಾದ ವಿಷಯ ಅಂತ ಅನಿಸುವುದೇ ಇಲ್ಲ. ಗೊತ್ತಿಲ್ಲದವರು ಯಾರನ್ನೂ ಕೇಳುವುದಿಲ್ಲ, ಯಾಕೆಂದರೆ ಕೇಳಬೇಕಾದದ್ದು ಇದೆ ಅಂತ ಅವರಿಗೆ ಗೊತ್ತಾಗುವುದೇ ಇಲ್ಲ. ಇವರಿಬ್ಬರ ನಡುವೆ ಇರುವುದು ಒಂದು ಜಾರ್ ಫೈಲ್, ಅಂದರೆ ಬೇರೆಯವರು ಬಳಸಲೆಂದು ಕಟ್ಟಿಕೊಟ್ಟ ಜಾವಾ ಕೋಡಿನ ಗಂಟು. ಇವತ್ತು ನಾನು ಮಾತಾಡಲು ಬಂದಿರುವುದು ಆ ಜಾರ್ ಫೈಲಿನ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಜಮೀನಿನ ದಾಖಲೆಗೆ ಸಂಬಂಧಿಸಿದ ಒಂದು ತಂತ್ರಾಂಶ ಮಾಡುತ್ತಿತ್ತು. ಅಳತೆಯ ಲೆಕ್ಕವನ್ನೆಲ್ಲ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಪುಟ್ಟ ಲೈಬ್ರರಿಯಾಗಿ ಬರೆದಿಟ್ಟಿದ್ದರು. ಅಚ್ಚುಕಟ್ಟಾದ ಕೆಲಸ. ಪ್ರತಿ ಮೆಥಡ್‌ನ ಮೇಲೂ ಜಾವಾಡಾಕ್ ಟಿಪ್ಪಣಿ, ಅಂದರೆ ಅದನ್ನು ಹೇಗೆ ಬಳಸಬೇಕು ಅನ್ನುವ ವಿವರಣೆ ಇತ್ತು. "ಚುಕ್ಕೆಯ ನಂತರದ್ದು ಗುಂಟೆ, 0ರಿಂದ 39ರವರೆಗೆ ಮಾತ್ರ" ಅನ್ನುವುದು ಅದರ ಮೊದಲ ಸಾಲಿನಲ್ಲೇ ಇತ್ತು. ಆಮೇಲೆ ಅವರು ಬೇರೆ ಪ್ರಾಜೆಕ್ಟಿಗೆ ಹೋದರು. ಜಾರ್ ಫೈಲ್ ನಮ್ಮ ಲಿಬ್ ಫೋಲ್ಡರಿನಲ್ಲಿ ಉಳಿಯಿತು.

ಹೊಸದಾಗಿ ಸೇರಿದ ಹುಡುಗನೊಬ್ಬ ಎಕ್ಲಿಪ್ಸ್‌ನಲ್ಲಿ, ಅಂದರೆ ನಾವು ಕೋಡ್ ಬರೆಯುವ ತಂತ್ರಾಂಶದಲ್ಲಿ (ಇಂಥವಕ್ಕೆ ಐಡಿಇ ಅನ್ನುತ್ತಾರೆ), ಆ ಲೈಬ್ರರಿಯ ಮೆಥಡ್ ಮೇಲೆ ಮೌಸ್ ಇಟ್ಟ. ಅವನಿಗೆ ಕಂಡದ್ದು ಇಷ್ಟು: ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು), ಅದರ ಹೆಸರು ಆರ್ಗ್0, ಒಂದು ಬೂಲಿಯನ್, ಅದರ ಹೆಸರು ಆರ್ಗ್1. ಕೆಳಗೆ, ಇದಕ್ಕೆ ಸೋರ್ಸ್ (ಬರೆದ ಮೂಲ ಕೋಡ್) ಕೂಡ ಜೋಡಿಸಿಲ್ಲ, ಜಾವಾಡಾಕ್ ಕೂಡ ಜೋಡಿಸಿಲ್ಲ, ಆದ್ದರಿಂದ ತೋರಿಸಲು ಏನೂ ಇಲ್ಲ ಅನ್ನುವ ಎಕ್ಲಿಪ್ಸ್‌ನ ಸೂಚನೆ. ಆ ಬೂಲಿಯನ್ ಏನು? ನಿಜ ಕೊಟ್ಟರೆ ಏನಾಗುತ್ತದೆ, ಸುಳ್ಳು ಕೊಟ್ಟರೆ ಏನಾಗುತ್ತದೆ? ತಿಳಿಯುವ ದಾರಿಯಿರಲಿಲ್ಲ. ಅವನು ಬುದ್ಧಿವಂತ, ಚುರುಕು. ಅರ್ಥವಾಗದ ಲೈಬ್ರರಿಯನ್ನು ಮುಟ್ಟುವ ಬದಲು ತಾನೇ ಹತ್ತು ಸಾಲು ಬರೆದುಕೊಂಡ. ಸ್ಟ್ರಿಂಗನ್ನು ಡಬಲ್, ಅಂದರೆ ದಶಾಂಶ ಸಂಖ್ಯೆ, ಮಾಡಿ ಕೂಡಿಸಿದ. ಎಲ್ಲೂ ಎರರ್ ಬರಲಿಲ್ಲ, ಟೆಸ್ಟ್‌ಗಳು ಪಾಸಾದವು. ಟೆಸ್ಟ್ ಬರೆದವನೂ ಅವನೇ ತಾನೆ, ಅವನ ಮನಸ್ಸಿನಲ್ಲಿದ್ದ ಲೆಕ್ಕವೇ ಟೆಸ್ಟ್‌ನಲ್ಲೂ ಇತ್ತು.

ತಪ್ಪು ಹಿಡಿದವರು ನಿವೃತ್ತ ಸರ್ವೆಯರ್ ಒಬ್ಬರು. ನಮ್ಮ ವರದಿಗಳನ್ನು ತಾಳೆ ನೋಡಲು ಬರುತ್ತಿದ್ದರು. ಪ್ರಿಂಟ್ ಕೈಗೆ ತೆಗೆದುಕೊಂಡು ಒಂದು ನಿಮಿಷವೂ ಆಗಿರಲಿಲ್ಲ. "ಎರಡು ಎಕರೆ ಐವತ್ತು ಗುಂಟೆ ಅಂತ ಹಾಕಿದೀರಲ್ಲ ಸಾರ್, ಐವತ್ತು ಗುಂಟೆ ಎಲ್ಲಿಂದ ಬಂತು? ನಲವತ್ತಕ್ಕೇ ಎಕರೆ ಆಗೋಗುತ್ತಲ್ಲ?" ಅಂದರು. ಅದೃಷ್ಟಕ್ಕೆ ಅದಿನ್ನೂ ಪರೀಕ್ಷೆಯ ಹಂತದಲ್ಲಿತ್ತು, ಹೊರಗೆ ಹೋಗಿರಲಿಲ್ಲ. ಅವತ್ತು ಐವತ್ತು ಅಂತ ಬಂದದ್ದೇ ಒಳ್ಳೆಯದಾಯಿತು. 1.15ಕ್ಕೆ 1.15 ಕೂಡಿಸಿದ್ದರೆ 2.30 ಬರುತ್ತಿತ್ತು, ಅದು ಎರಡೂ ಲೆಕ್ಕದಲ್ಲಿ ಸರಿ, ಯಾರಿಗೂ ಸಂಶಯ ಬರುತ್ತಿರಲಿಲ್ಲ.

ಆ ಹುಡುಗನನ್ನು ದೂರಲು ನನಗೆ ಮನಸ್ಸು ಬರಲಿಲ್ಲ, ಈಗಲೂ ಬರುವುದಿಲ್ಲ. ವಿವರಣೆ ಬರೆದಾಗಿತ್ತು. ಚೆನ್ನಾಗಿಯೂ ಬರೆದಾಗಿತ್ತು. ಬರೆದವರ ಕಂಪ್ಯೂಟರಿನಲ್ಲಿ ಮೌಸ್ ಇಟ್ಟರೆ ಪೂರ್ತಿ ಕಾಣುತ್ತಿತ್ತು. ಅದು ಉಳಿದವರ ಕಂಪ್ಯೂಟರಿಗೆ ಬಂದಿರಲಿಲ್ಲ, ಅಷ್ಟೇ. ಯಾಕೆ ಬರಲಿಲ್ಲ ಅನ್ನುವುದನ್ನು ಹುಡುಕುತ್ತಾ ಹೋದಾಗ ನಾನು ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಮೂಲಕ್ಕೆ ಹೋಗೋಣ. ಕೋಡು ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಇದ್ದರೆ ಎರಡೂ ಬೇಗ ದೂರವಾಗುತ್ತವೆ ಅನ್ನುವುದು ಹಳೆಯ ಅನುಭವ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು 1984ರಲ್ಲಿ, ಪ್ರೋಗ್ರಾಮ್ ಮತ್ತು ಅದರ ವಿವರಣೆಯನ್ನು ಒಂದೇ ಬರಹವಾಗಿ ಹೆಣೆಯುವ ಪದ್ಧತಿಯನ್ನು ಮುಂದಿಟ್ಟರು. ಅದು ಎಲ್ಲರಿಗೂ ಒಗ್ಗಲಿಲ್ಲ. ಜಾವಾ ಬಂದಾಗ ಸನ್ ಕಂಪನಿಯವರು ಅದಕ್ಕಿಂತ ಸರಳವಾದ ದಾರಿ ಹಿಡಿದರು. ಮೆಥಡ್‌ನ ತಲೆಯ ಮೇಲೆ, ಓರೆಗೆರೆಯ ಮುಂದೆ ಎರಡು ನಕ್ಷತ್ರ ಹಾಕಿ ಶುರುವಾಗುವ ಟಿಪ್ಪಣಿ. ಅದನ್ನು ಹೆಕ್ಕಿ ಎಚ್‌ಟಿಎಂಎಲ್ ಪುಟಗಳಾಗಿ ಮಾಡುವ ಜಾವಾಡಾಕ್ ಅನ್ನುವ ಸಲಕರಣೆ. 1996ರ ಮೊದಲ ಜೆಡಿಕೆಯಲ್ಲೇ (ಜಾವಾ ಬರೆಯಲು ಬೇಕಾದ ಸಲಕರಣೆಗಳ ಕಟ್ಟು) ಅದು ಇತ್ತು. ಅದರ ವಿನ್ಯಾಸದ ಬಗ್ಗೆ ಸನ್ ಕಂಪನಿಯ ಲೀಸಾ ಫ್ರೆಂಡ್ಲಿ ಅವರು 1995ರಲ್ಲೇ ಪ್ರಬಂಧ ಬರೆದಿದ್ದರು. ಜಾವಾದ ಸೊಗಸುಗಳಲ್ಲಿ ಇದು ದೊಡ್ಡದು ಅಂತ ನನ್ನ ಅಭಿಪ್ರಾಯ. ಆಮೇಲೆ ಬಂದ ಎಷ್ಟೋ ಭಾಷೆಗಳು ಇದೇ ಜಾಡಿನಲ್ಲಿ ನಡೆದಿವೆ.

ಆದರೆ ಇಲ್ಲೊಂದು ವಿಷಯ ನಮ್ಮ ಗಮನಕ್ಕೆ ಬರುವುದಿಲ್ಲ. ಬರೆಯುವವರ ಕಡೆ ಅಂತರ ಹೋಯಿತು, ಬಳಸುವವರ ಕಡೆ ಹಾಗೇ ಉಳಿಯಿತು. ಕಂಪೈಲರ್ ಸೋರ್ಸ್ ಓದಿ ಕ್ಲಾಸ್ ಫೈಲ್ ಮಾಡುವಾಗ ಟಿಪ್ಪಣಿಗಳನ್ನೆಲ್ಲ ಬಿಟ್ಟುಬಿಡುತ್ತದೆ. ಜಾರ್ ಅಂದರೆ ಆ ಕ್ಲಾಸ್ ಫೈಲುಗಳನ್ನು ಜಿಪ್ ಮಾಡಿ ಕಟ್ಟಿದ ಗಂಟು. ಅದರೊಳಗೆ ವಿವರಣೆಯ ಒಂದಕ್ಷರವೂ ಇರುವುದಿಲ್ಲ. ಎಷ್ಟೋ ಸಲ ಪ್ಯಾರಾಮೀಟರಿನ ಹೆಸರೂ ಇರುವುದಿಲ್ಲ. ಡಿಬಗ್ (ತಪ್ಪು ಹುಡುಕುವ) ಮಾಹಿತಿಯ ಜೊತೆ ಕಂಪೈಲ್ ಆಗಿದ್ದರೆ ಮಾಮೂಲಿ ಮೆಥಡ್‌ಗಳಲ್ಲಿ ಹೆಸರು ಉಳಿಯುತ್ತದೆ. ಇಂಟರ್‌ಫೇಸ್‌ನ ಮೆಥಡ್‌ಗೆ ಒಡಲೇ ಇಲ್ಲವಾದ್ದರಿಂದ ಅಲ್ಲಿ ಅದೂ ಉಳಿಯುವುದಿಲ್ಲ. ನಮ್ಮ ಲೈಬ್ರರಿ ಹೊರಗೆ ತೋರಿಸುತ್ತಿದ್ದದ್ದು ಇಂಟರ್‌ಫೇಸ್‌ಗಳನ್ನೇ, ಅದಕ್ಕೇ ಆರ್ಗ್0, ಆರ್ಗ್1. ಜಾವಾ 8ರಿಂದ ಕಂಪೈಲರಿಗೆ 'ಪ್ಯಾರಾಮೀಟರ್ಸ್' ಅನ್ನುವ ಆಯ್ಕೆ ಕೊಟ್ಟರೆ ಹೆಸರುಗಳು ಕ್ಲಾಸ್ ಫೈಲಿನಲ್ಲೇ ಉಳಿಯುತ್ತವೆ. ಆದರೆ ನೀವಾಗಿ ಕೊಡಬೇಕು, ತಾನಾಗಿ ಆಗುವುದಿಲ್ಲ. ಪೈಥಾನ್ ಇಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಡಾಕ್‌ಸ್ಟ್ರಿಂಗ್ ಫಂಕ್ಷನ್ನಿನ ಜೊತೆಗೇ ಮೆಮೊರಿಯಲ್ಲಿರುತ್ತದೆ, 'ಹೆಲ್ಪ್' ಅಂತ ಕೇಳಿದರೆ ಎದುರಿಗೆ ಬರುತ್ತದೆ. ಜಾವಾದಲ್ಲಿ ಅದನ್ನು ನಾವೇ ಹೊಲಿದು ಸೇರಿಸಬೇಕು. ಆ ಹೊಲಿಗೆಗೇ 'ಅಟ್ಯಾಚ್ ಮಾಡುವುದು' ಅಂತ ಹೆಸರು.

ಪ್ರಸಿದ್ಧ ಲೈಬ್ರರಿಗಳಿಗೆ ಈ ಹೊಲಿಗೆ ಬಿಟ್ಟುಹೋದರೂ ಅನಾಹುತವಿಲ್ಲ. ಅಪಾಚೆ ಕಾಮನ್ಸ್‌ನ ಒಂದು ಮೆಥಡ್ ತಿಳಿಯದಿದ್ದರೆ ಹುಡುಕಿದ ಕೂಡಲೇ ಸಾವಿರ ಜನ ಉತ್ತರ ಕೊಟ್ಟಿರುತ್ತಾರೆ. ನಿಮ್ಮ ಪ್ರಾಜೆಕ್ಟಿಗೆಂದೇ ಬರೆದ ಲೈಬ್ರರಿಯ ವಿಷಯ ಹಾಗಲ್ಲ. ಜಗತ್ತಿನಲ್ಲಿ ಅದನ್ನು ಬಲ್ಲವರು ಇಬ್ಬರೋ ಮೂವರೋ. ಈಗಿನ ಎಐ ಸಹಾಯಕಗಳಿಗೂ ಅದು ಗೊತ್ತಿಲ್ಲ; ನಿಮ್ಮ ಕಂಪನಿಯ ಒಳಗಿನ ಜಾರನ್ನು ಅವು ಕಲಿಯುವಾಗ ಕಂಡಿರುವುದಿಲ್ಲ. ಪಕ್ಕದಲ್ಲಿ ವಿವರಣೆ ಇದ್ದರೆ ಓದಿ ಸರಿಯಾಗಿ ಹೇಳಬಹುದು, ಇಲ್ಲದಿದ್ದರೆ ಆ ಹುಡುಗನ ಹಾಗೆಯೇ 1.30 ಅನ್ನುವುದನ್ನು ದಶಾಂಶ ಅಂದುಕೊಳ್ಳಬಹುದು. ವಿವರಣೆಯ ಅಗತ್ಯ ಎಲ್ಲಿ ಅತಿ ಹೆಚ್ಚೋ ಅಲ್ಲಿಯೇ ನಾವು ಅದನ್ನು ಜೋಡಿಸದೆ ಬಿಡುತ್ತೇವೆ. "ನಮ್ಮದೇ ಕೋಡ್ ಅಲ್ವಾ, ಪಕ್ಕದ ಸೀಟಲ್ಲಿ ಕೇಳಿದರಾಯಿತು" ಅಂತ. ಪಕ್ಕದ ಸೀಟು ಒಂದು ದಿನ ಖಾಲಿಯಾಗುತ್ತದೆ.

ಈಗ ಜೋಡಿಸುವ ಕೆಲಸ. ಎಕ್ಲಿಪ್ಸ್‌ನಲ್ಲೇ ತೋರಿಸುತ್ತೇನೆ, ಯಾಕೆಂದರೆ ನಮ್ಮ ಊರಿನ ಹಳೆಯ ಪ್ರಾಜೆಕ್ಟುಗಳಲ್ಲಿ ಇವತ್ತಿಗೂ ಅದೇ ಹೆಚ್ಚು ಕಾಣುತ್ತದೆ. ಪ್ರಾಜೆಕ್ಟಿನ ಮೇಲೆ ಬಲ ಕ್ಲಿಕ್, ಬಿಲ್ಡ್ ಪಾತ್, ಕಾನ್ಫಿಗರ್ ಬಿಲ್ಡ್ ಪಾತ್, ಲೈಬ್ರರೀಸ್ ಟ್ಯಾಬ್. ಜಾರ್ ಹೆಸರಿನ ಪಕ್ಕದ ಬಾಣ ಒತ್ತಿದರೆ ಒಳಗೆ ಕೆಲವು ಸಾಲುಗಳು ಕಾಣುತ್ತವೆ. ನಮಗೆ ಬೇಕಾದವು ಎರಡು: ಸೋರ್ಸ್ ಅಟ್ಯಾಚ್‌ಮೆಂಟ್ ಮತ್ತು ಜಾವಾಡಾಕ್ ಲೊಕೇಶನ್. ಎರಡರ ಎದುರಿಗೂ 'ನನ್' (ಏನೂ ಇಲ್ಲ) ಅಂತ ಇದ್ದರೆ, ನಿಮ್ಮ ತಂಡದ ಹೊಸಬರಿಗೆ ಆರ್ಗ್0 ಕಾದಿದೆ ಅಂತ ಅರ್ಥ.

ಸೋರ್ಸ್ ಕೊಡಲು ಸಾಧ್ಯವಿದ್ದರೆ ಸೋರ್ಸನ್ನೇ ಕೊಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಸೋರ್ಸ್ ಜೋಡಿಸಿದರೆ ಮೌಸ್ ಇಟ್ಟಾಗ ವಿವರಣೆ ಸಿಗುತ್ತದೆ, ಪ್ಯಾರಾಮೀಟರಿನ ನಿಜವಾದ ಹೆಸರು ಸಿಗುತ್ತದೆ, ಎಫ್3 ಒತ್ತಿದರೆ ಕೋಡಿನೊಳಗೇ ಹೋಗಬಹುದು, ಡಿಬಗ್ ಮಾಡುವಾಗ ಒಳಗೆ ಕಾಲಿಡಬಹುದು. ಎಚ್‌ಟಿಎಂಎಲ್ ಜಾವಾಡಾಕ್ ಬೇಕಾಗುವುದು ಸೋರ್ಸ್ ಹಂಚಿಕೊಳ್ಳಲು ಆಗದ ಕಡೆ, ಅಂದರೆ ಬೇರೆ ಕಂಪನಿಗೆ ಕೊಡುವ ಲೈಬ್ರರಿ, ಒಪ್ಪಂದದ ಕಟ್ಟುಪಾಡಿರುವ ಲೈಬ್ರರಿ ಇಂಥವಕ್ಕೆ. ಅದರಲ್ಲಿ ಇನ್ನೊಂದು ತೊಡಕೂ ಇದೆ. ಎಕ್ಲಿಪ್ಸ್ ಆ ಎಚ್‌ಟಿಎಂಎಲ್ ಪುಟದಿಂದ ಬೇಕಾದ ಮೆಥಡ್‌ನ ಭಾಗವನ್ನು ಹುಡುಕಿ ಕತ್ತರಿಸಿಕೊಳ್ಳುತ್ತದೆ. ಪುಟದೊಳಗೆ ಮೆಥಡ್‌ಗಳನ್ನು ಗುರುತಿಸುವ ರೀತಿ ಜಾವಾ 8ಕ್ಕೂ ನಂತರದ ಆವೃತ್ತಿಗಳಿಗೂ ಬದಲಾಗಿದೆ. ಹಳೆಯ ಎಕ್ಲಿಪ್ಸ್‌ಗೆ ಹೊಸ ಜಾವಾಡಾಕ್ ಕೊಟ್ಟು "ಜೋಡಿಸಿದೀನಿ, ಆದರೂ ಕಾಣ್ತಿಲ್ಲ" ಅನ್ನುವವರಲ್ಲಿ ಕೆಲವರ ತೊಂದರೆ ಇದೇ.

ಜಾವಾಡಾಕ್ ಲೊಕೇಶನ್ ಎಡಿಟ್ ಒತ್ತಿದಾಗ ಬರುವ ಕಿಟಕಿಯಲ್ಲಿ ಎರಡು ದಾರಿ ಇವೆ: ಯುಆರ್‌ಎಲ್ ಕೊಡುವುದು, ಇಲ್ಲವೇ ಒಂದು ಜಿಪ್ ಅಥವಾ ಜಾರ್ ತೋರಿಸುವುದು. ಜಾರ್ ತೋರಿಸುವಾಗ ಮತ್ತೆ ಎರಡು ಗುಂಡಿಗಳು, ಎಕ್ಸ್‌ಟರ್ನಲ್ ಫೈಲ್ ಮತ್ತು ವರ್ಕ್‌ಸ್ಪೇಸ್ ಫೈಲ್. ಇಲ್ಲಿ ದಯವಿಟ್ಟು ನಿಂತು ನೋಡಿ. ನನ್ನ ಇವತ್ತಿನ ಮಾತಿನ ತಿರುಳು ಈ ಎರಡು ಗುಂಡಿಗಳ ನಡುವೆ ಇದೆ.

ಈ ಜೋಡಣೆ ಉಳಿಯುವುದು ಪ್ರಾಜೆಕ್ಟಿನ ಬೇರಿನಲ್ಲಿ, ಅಂದರೆ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ ಇರುವ, ಚುಕ್ಕೆಯಿಂದ ಶುರುವಾಗುವ ಕ್ಲಾಸ್‌ಪಾತ್ ಅನ್ನುವ ಫೈಲಿನಲ್ಲಿ. ಅದೊಂದು ಸಾದಾ ಎಕ್ಸ್‌ಎಂಎಲ್. ಯಾವುದಾದರೂ ಎಡಿಟರಿನಲ್ಲಿ ತೆರೆದು ನೋಡಿ. ಎಕ್ಸ್‌ಟರ್ನಲ್ ಫೈಲ್ ಆರಿಸಿದ್ದರೆ ಅಲ್ಲಿ ಸಿ ಡ್ರೈವ್, ಯೂಸರ್ಸ್, ನಿಮ್ಮ ಲಾಗಿನ್ ಹೆಸರು, ಡೌನ್‌ಲೋಡ್ಸ್ ಅಂತ ಪೂರ್ತಿ ವಿಳಾಸ ಬರೆದಿರುತ್ತದೆ. ಆ ವಿಳಾಸ ಜಗತ್ತಿನಲ್ಲಿ ನಿಮ್ಮ ಒಂದು ಕಂಪ್ಯೂಟರಿನಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲ. ವರ್ಕ್‌ಸ್ಪೇಸ್ ಫೈಲ್ ಆರಿಸಿದ್ದರೆ ಪ್ರಾಜೆಕ್ಟಿನ ಹೆಸರಿನಿಂದ ಶುರುವಾಗುವ ದಾರಿ ಇರುತ್ತದೆ. ಅದನ್ನು ತಂಡದ ಕೋಡೆಲ್ಲ ಇರುವ ರೆಪೋಗೆ ಕಮಿಟ್ ಮಾಡಿದರೆ (ಸೇರಿಸಿದರೆ) ಆ ರೆಪೋ ಇಳಿಸಿಕೊಂಡ ಪ್ರತಿಯೊಬ್ಬರಿಗೂ ವಿವರಣೆ ಸಿಗುತ್ತದೆ. ಆದ್ದರಿಂದ ಲೈಬ್ರರಿಯ ಜಾರ್, ಅದರ ಸೋರ್ಸ್ ಅಥವಾ ಜಾವಾಡಾಕ್ ಜಾರ್, ಎರಡನ್ನೂ ಪ್ರಾಜೆಕ್ಟಿನೊಳಗಿನ ಒಂದೇ ಫೋಲ್ಡರಿನಲ್ಲಿಟ್ಟು ವರ್ಕ್‌ಸ್ಪೇಸ್ ಫೈಲ್ ಗುಂಡಿಯನ್ನೇ ಒತ್ತಿ. ಆಮೇಲೆ ವ್ಯಾಲಿಡೇಟ್ ಗುಂಡಿಯನ್ನೂ ಒತ್ತಿ ನೋಡಿ. ಇಂಡೆಕ್ಸ್ ಪುಟ ಜಾರಿನ ಬೇರಿನಲ್ಲಿರದೆ ಒಳಗೆ ಡಾಕ್ಸ್, ಅದರೊಳಗೆ ಎಪಿಐ ಫೋಲ್ಡರಿನಲ್ಲಿದ್ದರೆ ಆ ಒಳದಾರಿಯನ್ನೂ ಕೊಡಬೇಕಾಗುತ್ತದೆ.

ಇನ್ನು ನಮ್ಮ ತಂಡದ ಕಥೆಗೆ ಬರುತ್ತೇನೆ. ನಮ್ಮ ಹಿರಿಯರು ಬಳಸಿದ್ದು ಯೂಸರ್ ಲೈಬ್ರರಿ ಅನ್ನುವ ಸೌಲಭ್ಯವನ್ನು. ನಾಲ್ಕೈದು ಜಾರುಗಳನ್ನು ಒಂದು ಹೆಸರಿನಡಿ ಗುಂಪು ಮಾಡಿ, ಒಂದೊಂದಕ್ಕೂ ಸೋರ್ಸ್, ಜಾವಾಡಾಕ್ ಜೋಡಿಸಿ, ಎಷ್ಟು ಪ್ರಾಜೆಕ್ಟಿಗೆ ಬೇಕಾದರೂ ಸೇರಿಸಬಹುದು. ಬಹಳ ಅನುಕೂಲ. ಆದರೆ ಪ್ರಾಜೆಕ್ಟಿನ ಕ್ಲಾಸ್‌ಪಾತ್ ಫೈಲಿನಲ್ಲಿ ಉಳಿಯುವುದು ಆ ಗುಂಪಿನ ಹೆಸರು ಮಾತ್ರ. ಅದರೊಳಗೆ ಯಾವ ಜಾರು, ಯಾವುದಕ್ಕೆ ಯಾವ ವಿವರಣೆ ಅನ್ನುವುದೆಲ್ಲ ಅವರವರ ವರ್ಕ್‌ಸ್ಪೇಸಿನ ಮೆಟಾಡೇಟಾದಲ್ಲಿ ಉಳಿಯುತ್ತದೆ. ಅದು ರೆಪೋಗೆ ಬರುವುದಿಲ್ಲ, ಬರಲೂಬಾರದು. ಅವರು ಹೋದ ಮೇಲೆ ಪ್ರಾಜೆಕ್ಟ್ ಕೆಂಪು ಗುರುತು ತೋರಿಸಿತು. ಯಾರೋ ಜಾರನ್ನು ತಂದು ಲಿಬ್ ಫೋಲ್ಡರಿಗೆ ಹಾಕಿ ಕೆಂಪು ಗುರುತು ಹೋಗಲಾಡಿಸಿದರು. ಕೆಂಪು ಹೋಯಿತಲ್ಲ, ಕೆಲಸ ಮುಗಿಯಿತು ಅಂತ ಎಲ್ಲರೂ ಅಂದುಕೊಂಡೆವು. ವಿವರಣೆ ಕಳೆದುಹೋದದ್ದಕ್ಕೆ ಯಾವ ಐಡಿಇಯೂ ಕೆಂಪು ಗುರುತು ತೋರಿಸುವುದಿಲ್ಲ.

ಯೂಸರ್ ಲೈಬ್ರರಿಯೇ ಬೇಕೆನ್ನುವವರು ಅದೇ ಪುಟದಲ್ಲಿರುವ ಎಕ್ಸ್‌ಪೋರ್ಟ್ ಗುಂಡಿಯಿಂದ ಅದನ್ನೊಂದು ಫೈಲಾಗಿ ಹೊರತೆಗೆದು ರೆಪೋದಲ್ಲಿಡಬಹುದು, ಉಳಿದವರು ಇಂಪೋರ್ಟ್ ಮಾಡಿಕೊಳ್ಳಬಹುದು. ಆದರೆ ಅದು ಯಾರಾದರೂ ನೆನಪಿಟ್ಟು ಮಾಡಬೇಕಾದ ಕೆಲಸ. ನೆನಪಿನ ಮೇಲೆ ನಿಂತ ವ್ಯವಸ್ಥೆ ತಂಡ ದೊಡ್ಡದಾದಂತೆ ಕುಸಿಯುತ್ತದೆ.

ಎಕ್ಲಿಪ್ಸ್ ಬದಲು ಇಂಟೆಲಿಜೆ ಬಳಸುವವರಿಗೆ ಇದೇ ಕಥೆ ಬೇರೆ ಹೆಸರಿನಲ್ಲಿ ಎದುರಾಗುತ್ತದೆ. ಪ್ರಾಜೆಕ್ಟ್ ಸ್ಟ್ರಕ್ಚರ್, ಲೈಬ್ರರೀಸ್‌ಗೆ ಹೋದರೆ ಒಂದು ಲೈಬ್ರರಿಗೆ ಕ್ಲಾಸಸ್, ಸೋರ್ಸಸ್, ಜಾವಾಡಾಕ್ಸ್ ಮೂರನ್ನೂ ಸೇರಿಸಬಹುದು. ಪ್ರಾಜೆಕ್ಟ್ ಮಟ್ಟದ ಲೈಬ್ರರಿಯಾದರೆ ಅದು ಐಡಿಯಾ ಫೋಲ್ಡರಿನೊಳಗೆ ಒಂದು ಎಕ್ಸ್‌ಎಂಎಲ್ ಆಗಿ, ಪ್ರಾಜೆಕ್ಟಿನ ಜಾಗವನ್ನು ಆಧರಿಸಿದ ದಾರಿಯೊಂದಿಗೆ ಉಳಿಯುತ್ತದೆ, ಕಮಿಟ್ ಮಾಡಿ. ಗ್ಲೋಬಲ್ ಲೈಬ್ರರಿ ಮಾಡಿದರೆ ಅದು ನಿಮ್ಮ ಕಂಪ್ಯೂಟರಿನ ಆಚೆ ಹೋಗುವುದಿಲ್ಲ. ನೆಟ್‌ಬೀನ್ಸ್‌ನಲ್ಲೂ ಅದೇ ಮೂರು ಟ್ಯಾಬುಗಳು. ಡಾಟ್‌ನೆಟ್‌ನಲ್ಲಿ ಇನ್ನೂ ಸರಳ: ಡಿಎಲ್‌ಎಲ್ ಪಕ್ಕದಲ್ಲಿ ಅದೇ ಹೆಸರಿನ ಎಕ್ಸ್‌ಎಂಎಲ್ ಫೈಲಿದ್ದರೆ ವಿಷುಯಲ್ ಸ್ಟುಡಿಯೋ ತಾನೇ ಓದಿಕೊಳ್ಳುತ್ತದೆ, ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಆಂಡ್ರಾಯ್ಡ್ ಕೆಲಸವನ್ನು ಎಕ್ಲಿಪ್ಸ್‌ನಲ್ಲಿ ಮಾಡುತ್ತಿದ್ದ ಕಾಲದಲ್ಲೂ ಇಂಥದ್ದೇ ಒಂದು ಉಪಾಯವಿತ್ತು. ಜಾರಿನ ಪಕ್ಕ ಅದೇ ಹೆಸರಿನ ಪ್ರಾಪರ್ಟೀಸ್ ಫೈಲ್, ಒಳಗೆ ಎರಡೇ ಸಾಲು: ಸೋರ್ಸ್ ಎಲ್ಲಿದೆ, ಡಾಕ್ ಎಲ್ಲಿದೆ. ಆ ಸರಳತೆ ನನಗೆ ಬಹಳ ಇಷ್ಟವಾಗಿತ್ತು.

ಕೈಯಿಂದ ಜೋಡಿಸುವುದು ಒಂದೆರಡು ಜಾರಿಗೆ ಸರಿ. ಲೈಬ್ರರಿ ಬೆಳೆಯುತ್ತಿದ್ದರೆ ಜೋಡಣೆಯನ್ನು ಬಿಲ್ಡ್‌ಗೇ, ಅಂದರೆ ಕೋಡಿನಿಂದ ಜಾರ್ ತಯಾರಿಸುವ ಹಂತಕ್ಕೇ, ಒಪ್ಪಿಸಬೇಕು. ಬಿಲ್ಡ್ ಮಾಡುವ ಸಲಕರಣೆಯಾದ ಮೇವೆನ್‌ನಲ್ಲಿ ಇದಕ್ಕೊಂದು ಒಳ್ಳೆಯ ಒಪ್ಪಂದವಿದೆ. ಮುಖ್ಯ ಜಾರಿನ ಹೆಸರು, ಆವೃತ್ತಿ ಹಾಗೇ ಇಟ್ಟು, ಕೊನೆಗೆ 'ಸೋರ್ಸಸ್' ಅಂತಲೋ 'ಜಾವಾಡಾಕ್' ಅಂತಲೋ ಬಾಲ ಸೇರಿಸಿದ ಇನ್ನೆರಡು ಜಾರು. ಸೋರ್ಸ್ ಪ್ಲಗಿನ್, ಜಾವಾಡಾಕ್ ಪ್ಲಗಿನ್ ಎರಡನ್ನೂ ಪಾಮ್ ಫೈಲಿನಲ್ಲಿ (ಮೇವೆನ್‌ಗೆ ಸೂಚನೆ ಕೊಡುವ ಫೈಲ್) ಸೇರಿಸಿದರೆ ಪ್ರತಿ ಬಿಲ್ಡ್‌ನಲ್ಲೂ ಮೂರೂ ಒಟ್ಟಿಗೆ ಹುಟ್ಟುತ್ತವೆ. ಗ್ರೇಡಲ್ ಅನ್ನುವ ಇನ್ನೊಂದು ಬಿಲ್ಡ್ ಸಲಕರಣೆಯಲ್ಲಿ, ಅದರ 6ನೇ ಆವೃತ್ತಿಯಿಂದ, ಅದಕ್ಕೆ ಎರಡೇ ಸಾಲು ಸಾಕು. ಐಡಿಇ ಈ ಬಾಲಗಳನ್ನು ಗುರುತಿಸಿ ತಾನೇ ಇಳಿಸಿ ಜೋಡಿಸಿಕೊಳ್ಳುತ್ತದೆ. ಸಾರ್ವಜನಿಕ ಮೇವೆನ್ ಸೆಂಟ್ರಲ್‌ಗೆ ಲೈಬ್ರರಿ ಸೇರಿಸಬೇಕಾದರೆ ಈ ಎರಡೂ ಇರಲೇಬೇಕು ಅನ್ನುವ ನಿಯಮವಿದೆ. ಹೊರಗಿನವರಿಗೆ ಕೊಡುವಾಗ ಪಾಲಿಸುವ ಶಿಸ್ತನ್ನು ಒಳಗಿನ ರೆಪಾಸಿಟರಿಯಲ್ಲಿ ನಾವು ಸಡಿಲ ಬಿಡುತ್ತೇವೆ. ನಮ್ಮವರೇ ನಮಗೆ ಹೊರಗಿನವರಿಗಿಂತ ಕಡಿಮೆಯೇ? ಹಳೆಯ ಜಾರನ್ನು ಕೈಯಿಂದ ಒಳಗಿನ ರೆಪಾಸಿಟರಿಗೆ ಏರಿಸುವಾಗಲೂ ಆ ಕಮ್ಯಾಂಡಿಗೆ ಸೋರ್ಸ್ ಮತ್ತು ಜಾವಾಡಾಕ್ ಜಾರುಗಳ ದಾರಿಯನ್ನು ಜೊತೆಗೇ ಕೊಡಬಹುದು. ಬಹಳ ಜನ ಮುಖ್ಯ ಜಾರನ್ನಷ್ಟೇ ಏರಿಸಿ ಎದ್ದು ಹೋಗುತ್ತಾರೆ.

ಒಂದೇ ಬಿಲ್ಡ್‌ನಲ್ಲಿ ಹುಟ್ಟಬೇಕು ಅನ್ನುವುದಕ್ಕೆ ಕಾರಣವಿದೆ. ಆವೃತ್ತಿ 1.4ರ ಜಾರಿಗೆ ಆವೃತ್ತಿ 1.2ರ ಸೋರ್ಸ್ ಜೋಡಿಸಿದರೆ ಡಿಬಗ್ ಮಾಡುವಾಗ ಸಾಲುಗಳು ಜಾರುತ್ತವೆ; ಬಾಣದ ಗುರುತು ಟಿಪ್ಪಣಿಯ ಮೇಲೋ ಖಾಲಿ ಸಾಲಿನ ಮೇಲೋ ನಿಲ್ಲುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಇನ್ನೂ ದೊಡ್ಡದು. 1.2ರಲ್ಲಿ ಖರಾಬು (ಸಾಗುವಳಿಗೆ ಬಾರದ ಜಮೀನು) ಸೇರಿಸಿ ವಿಸ್ತೀರ್ಣ ಕೊಡುತ್ತಿದ್ದ ಮೆಥಡ್ 1.4ರಲ್ಲಿ ಖರಾಬು ಕಳೆದು ಕೊಡುತ್ತಿದ್ದರೆ, ಹಳೆಯ ವಿವರಣೆ ಓದಿದವರು ಎರಡನೇ ಸಲ ಖರಾಬು ಕಳೆಯುತ್ತಾರೆ. ವಿವರಣೆಯೇ ಇಲ್ಲದಿದ್ದರೆ ಜನ ಅನುಮಾನಿಸಿ ಯಾರನ್ನಾದರೂ ಕೇಳಿಯಾರು. ತಪ್ಪು ವಿವರಣೆ ಇದ್ದರೆ ನಂಬಿ ಮುಂದೆ ಹೋಗುತ್ತಾರೆ.

ಇನ್ನು ಬರೆಯುವುದು. ಜಾವಾಡಾಕ್‌ನಲ್ಲಿ "ವಿಸ್ತೀರ್ಣವನ್ನು ಕೊಡುತ್ತದೆ" ಅಂತ ಬರೆಯುವುದು ಬರೆಯದೇ ಇದ್ದ ಹಾಗೆ. ಮೆಥಡ್‌ನ ಹೆಸರೇ ಅದನ್ನು ಹೇಳುತ್ತದೆ. ಅಳತೆಯ ಘಟಕ ಯಾವುದು, ಎಲ್ಲಿಂದ ಎಲ್ಲಿಯವರೆಗಿನ ಬೆಲೆ ನಡೆಯುತ್ತದೆ, ಖಾಲಿ ಬಂದರೆ ಏನಾಗುತ್ತದೆ, ನಿಜ ಅಂದರೆ ಏನು, ಸುಳ್ಳು ಅಂದರೆ ಏನು, ಇಷ್ಟು ಬರೆಯಿರಿ. ಒಂದು ಉದಾಹರಣೆ ಕೊಡಿ. "1.30 ಮತ್ತು 1.20 ಕೂಡಿಸಿದರೆ 3.10" ಅನ್ನುವ ಒಂದು ಸಾಲು ಒಂದು ಪುಟದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಪ್ಯಾರಾಮೀಟರ್ ಡಬಲ್ ಅಲ್ಲ, ಸ್ಟ್ರಿಂಗ್ ಯಾಕೆ ಅನ್ನುವುದನ್ನೂ ಬರೆಯಿರಿ. 2.3 ಮತ್ತು 2.30 ಡಬಲ್‌ಗೆ ಒಂದೇ. ನಮಗೆ ಒಂದು ಎರಡು ಎಕರೆ ಮೂರು ಗುಂಟೆಯಾಗಬಹುದು, ಇನ್ನೊಂದು ಎರಡು ಎಕರೆ ಮೂವತ್ತು ಗುಂಟೆ. ಯಾಕೆ ಅಂತ ಬರೆಯದಿದ್ದರೆ ಮುಂದೆ ಯಾರೋ ಒಬ್ಬರು "ಸುಧಾರಣೆ" ಅಂತ ಅದನ್ನು ಡಬಲ್ ಮಾಡಿಬಿಡುತ್ತಾರೆ.

ಕನ್ನಡದಲ್ಲಿ ಬರೆಯಬಹುದೇ ಅಂತ ಕೆಲವರು ಕೇಳಿದ್ದೀರಿ. ಖಂಡಿತ ಬರೆಯಬಹುದು. ತಂಡದಲ್ಲಿ ಬೇರೆ ಭಾಷೆಯವರಿದ್ದರೆ ವಾಕ್ಯಗಳು ಇಂಗ್ಲಿಷಿನಲ್ಲಿರಲಿ, ಆದರೆ ಖರಾಬು, ಹಿಸ್ಸಾ (ಸರ್ವೆ ನಂಬರಿನ ಒಂದು ಪಾಲು), ಪೋಡಿ, ಆಕಾರಬಂದ್ ಇಂಥ ಪದಗಳನ್ನು ಒಮ್ಮೆಯಾದರೂ ಕನ್ನಡ ಲಿಪಿಯಲ್ಲೇ ಬರೆದು ಅರ್ಥ ಕೊಡಿ. ಪಹಣಿ ಕೈಯಲ್ಲಿ ಹಿಡಿದವರಿಗೆ ಅಲ್ಲಿ ಕಾಣುವುದು ಕನ್ನಡ ಪದ. ಅದೇ ಪದ ಮೌಸ್ ಇಟ್ಟಾಗಲೂ ಕಂಡರೆ ಎರಡೂ ಒಂದೇ ಅಂತ ತಿಳಿಯುತ್ತದೆ.

ಕನ್ನಡ ಬರೆಯುವವರು ಎರಡು ವಿಷಯ ಗಮನಿಸಬೇಕು. ಒಂದು, ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ. ಜೆಡಿಕೆ 18ರಿಂದ, ಅಂದರೆ 2022ರಿಂದ, ಜಾವಾದ ಪೂರ್ವನಿಯೋಜಿತ ಎನ್‌ಕೋಡಿಂಗ್ ಎಲ್ಲ ಕಡೆಯೂ ಯುಟಿಎಫ್-8. ಅದಕ್ಕೆ ಮೊದಲು ಅದು ಆಪರೇಟಿಂಗ್ ಸಿಸ್ಟಮ್ ಹೇಳಿದ ಹಾಗೆ. ವಿಂಡೋಸ್‌ನಲ್ಲಿ ಹಳೆಯ ಜೆಡಿಕೆಯಿಂದ ಜಾವಾಡಾಕ್ ಮಾಡಿದರೆ ಕನ್ನಡ ಅಕ್ಷರಗಳು ಚೂರುಚೂರಾಗುತ್ತವೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ಆ ಮೂರನ್ನು ಮೂರು ಬೇರೆ ಗುರುತುಗಳೆಂದು ಓದಿ ಪುಟದ ತುಂಬ ವಿಚಿತ್ರ ಚಿಹ್ನೆ ಸುರಿಯುತ್ತದೆ. ಮೇವೆನ್ ಪಾಮ್‌ನಲ್ಲಿ ಸೋರ್ಸ್ ಎನ್‌ಕೋಡಿಂಗ್ ಯುಟಿಎಫ್-8 ಅಂತ ಒಮ್ಮೆ ಬರೆದಿಡಿ.

ಎರಡನೆಯದು ನನ್ನನ್ನು ಅರ್ಧ ದಿನ ಕಾಡಿದ್ದು. ಜಾವಾಡಾಕ್ ಪ್ರತಿ ಟಿಪ್ಪಣಿಯ ಮೊದಲ ವಾಕ್ಯವನ್ನು ತೆಗೆದು ಸಾರಾಂಶದ ಪಟ್ಟಿಗೆ ಹಾಕುತ್ತದೆ. ವಾಕ್ಯ ಮುಗಿಯಿತು ಅಂತ ಅದು ತಿಳಿಯುವುದು ಚುಕ್ಕೆ, ಅದರ ಮುಂದೆ ಖಾಲಿ ಜಾಗ ಕಂಡಾಗ. ನಾನು "ಸ.ನಂ. 45ರಂಥ ಸರ್ವೆ ನಂಬರನ್ನು ಹಿಸ್ಸಾ ಸಮೇತ ಬಿಡಿಸುತ್ತದೆ" ಅಂತ ಬರೆದಿದ್ದೆ. ಸಾರಾಂಶದಲ್ಲಿ ಉಳಿದದ್ದು "ಸ.ನಂ." ಅಷ್ಟೇ. ಸಂಕ್ಷಿಪ್ತ ಪದಗಳನ್ನು ಮೊದಲ ವಾಕ್ಯದಲ್ಲಿ ಬಿಡಿಸಿ ಬರೆಯಿರಿ. ಜಾವಾ 10ರಿಂದ 'ಸಮರಿ' ಅನ್ನುವ ಟ್ಯಾಗ್ ಬಂದಿದೆ, ಅದರೊಳಗೆ ಬರೆದರೂ ನಡೆಯುತ್ತದೆ.

ಈಗ ನಿಮ್ಮ ಪ್ರಶ್ನೆಗಳು.

"ಸಾರ್, ಜಾವಾಡಾಕ್ ಹಾಕಿದರೆ ಬಿಲ್ಡ್ ಫೇಲ್ ಆಗುತ್ತೆ, ಅದಕ್ಕೇ ನಮ್ಮ ತಂಡದಲ್ಲಿ ತೆಗೆದುಬಿಟ್ಟಿದೀವಿ" ಅಂತ ಒಬ್ಬರು ಹೇಳಿದರು.

ಅದು ಜಾವಾ 8ರಿಂದ ಬಂದದ್ದು. ಡಾಕ್‌ಲಿಂಟ್ ಅನ್ನುವ ತಪಾಸಣೆ ಆಗ ಸೇರಿತು. ಟಿಪ್ಪಣಿಯಲ್ಲಿ 'ಕಡಿಮೆ' ಅನ್ನುವ ಚಿಹ್ನೆಯನ್ನು ಹಾಗೇ ಬರೆದಿದ್ದರೆ, ಎಚ್‌ಟಿಎಂಎಲ್ ಟ್ಯಾಗ್ ಮುಚ್ಚದಿದ್ದರೆ ಅದು ತಡೆಯುತ್ತದೆ. ಹಳೆಯ ಕೋಡಿಗೆ ತಪಾಸಣೆಯನ್ನು ಆರಿಸಿಡಿ, ಅದಕ್ಕೆ ಆಯ್ಕೆ ಇದೆ. ಜಾವಾಡಾಕನ್ನೇ ತೆಗೆಯಬೇಡಿ. ಜಾವಾಡಾಕ್ ತೀರಾ ತೊಂದರೆ ಕೊಟ್ಟರೆ ಸೋರ್ಸ್ ಜಾರನ್ನಾದರೂ ಇಡಿ. ಅದು ಬರೀ ಜಿಪ್ ಮಾಡುವ ಕೆಲಸ, ಟಿಪ್ಪಣಿಯಲ್ಲಿ ಏನಿದ್ದರೂ ಅದಕ್ಕೆ ಲೆಕ್ಕವಿಲ್ಲ.

ಇನ್ನೊಬ್ಬರು, ಹುಬ್ಬಳ್ಳಿ ಕಡೆಯವರು, ಕೇಳಿದರು: "ನಮ್ಮಲ್ಲಿ ಭಾಳ ಹಳೇ ಜಾರ್ ಒಂದೈತ್ರಿ. ಸೋರ್ಸ್ ಎಲ್ಲಿ ಹೋತೋ ಯಾರಿಗೂ ಗೊತ್ತಿಲ್ಲ. ಬರದೋರೂ ಇಲ್ಲ. ಅದಕ್ಕೇನ್ ಮಾಡೂದ್ರಿ?"

ಇಂಥದ್ದು ನನಗೂ ಸಿಕ್ಕಿತ್ತು. ಸರ್ವೆ ನಂಬರುಗಳನ್ನು ಹೋಲಿಸುವ ಒಂದು ಪುಟ್ಟ ಜಾರು. ನಾನು ಮಾಡಿದ್ದು ಹೀಗೆ. ಜೆಡಿಕೆಯ ಜೊತೆಗೇ ಬರುವ ಜಾವಾಪಿ ಅನ್ನುವ ಸಲಕರಣೆಯಿಂದ ಅದರಲ್ಲಿರುವ ಸಾರ್ವಜನಿಕ ಕ್ಲಾಸುಗಳು, ಮೆಥಡ್‌ಗಳು ಇವುಗಳ ಪಟ್ಟಿ ತೆಗೆದೆ. ಅದೇ ಪ್ಯಾಕೇಜ್, ಅದೇ ಕ್ಲಾಸ್ ಹೆಸರು, ಅದೇ ಮೆಥಡ್‌ಗಳನ್ನು ಇಟ್ಟುಕೊಂಡು ಖಾಲಿ ಒಡಲಿನ ಸೋರ್ಸ್ ಫೈಲುಗಳನ್ನು ಬರೆದೆ. ಪ್ರತಿ ಮೆಥಡ್‌ಗೂ ನಾಲ್ಕೈದು ಪುಟ್ಟ ಟೆಸ್ಟ್ ಬರೆದು ಏನು ಕೊಟ್ಟರೆ ಏನು ಬರುತ್ತದೆ ಅಂತ ನೋಡಿದೆ. ಕಂಡದ್ದನ್ನಷ್ಟೇ ಟಿಪ್ಪಣಿಯಾಗಿ ಬರೆದೆ. ಊಹೆಯನ್ನು ಬರೆದಲ್ಲಿ "ಪರೀಕ್ಷಿಸಿಲ್ಲ" ಅಂತ ಪಕ್ಕದಲ್ಲೇ ಗುರುತು ಹಾಕಿದೆ. ಆ ಖಾಲಿ ಸೋರ್ಸಿನಿಂದ ಜಾವಾಡಾಕ್ ತಯಾರಿಸಿ, ಅದನ್ನು ಹಳೆಯ ಜಾರಿಗೆ ಜಾವಾಡಾಕ್ ಲೊಕೇಶನ್ ಆಗಿ ಜೋಡಿಸಿ ಕಮಿಟ್ ಮಾಡಿದೆ. ಇಲ್ಲಿ ಸೋರ್ಸ್ ಅಟ್ಯಾಚ್‌ಮೆಂಟ್ ಆಗಿ ಜೋಡಿಸಬಾರದು, ಯಾಕೆಂದರೆ ಅದು ನಿಜವಾದ ಸೋರ್ಸ್ ಅಲ್ಲ. ಡಿಬಗ್ ಮಾಡುವವರ ದಾರಿ ತಪ್ಪುತ್ತದೆ.

ಹನ್ನೊಂದು ಮೆಥಡ್, ಎರಡು ದಿನದ ಕೆಲಸ. ಆ ಎರಡು ದಿನದಲ್ಲೇ ಒಂದು ವಿಷಯ ಹೊರಬಿತ್ತು. 45/2 ಮತ್ತು 45/10 ಕೊಟ್ಟರೆ ಅದು 45/10 ಅನ್ನು ಮೊದಲು ಇಡುತ್ತಿತ್ತು. ಹಿಸ್ಸಾವನ್ನು ಅಂಕಿಯಾಗಿ ನೋಡದೆ ಅಕ್ಷರಗಳಾಗಿ ಹೋಲಿಸುತ್ತಿತ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಹಿಸ್ಸಾ ಇದ್ದ ಸರ್ವೆ ನಂಬರುಗಳ ಪಟ್ಟಿಯಲ್ಲಿ ಕ್ರಮ ತಪ್ಪುವುದು ಯಾಕೆ ಅಂತ ಆವರೆಗೆ ಯಾರಿಗೂ ತಿಳಿದಿರಲಿಲ್ಲ. ಜಾರನ್ನು ತಿದ್ದುವ ಹಾಗಿರಲಿಲ್ಲ. ಆ ಮೆಥಡ್‌ನ ಟಿಪ್ಪಣಿಯ ಮೊದಲ ವಾಕ್ಯದಲ್ಲೇ ಅದನ್ನು ಬರೆದಿಟ್ಟೆ. ಈಗ ಯಾರು ಮೌಸ್ ಇಟ್ಟರೂ ಅವರಿಗೆ ಮೊದಲು ಕಾಣುವುದು ಆ ಸಾಲು.